ಗೆರಿ ಸೋತರು, ಗೆರೆ ಗೆದ್ದಿತು

2025ರ ಆಗಸ್ಟ್‌ನಲ್ಲಿ ಟೆಕ್ಸಸ್ ವಿಧಾನಸಭೆಯ 50ಕ್ಕೂ ಹೆಚ್ಚು ಡೆಮಾಕ್ರಟಿಕ್ ಸದಸ್ಯರು ಗಂಟುಮೂಟೆ ಕಟ್ಟಿಕೊಂಡು ರಾಜ್ಯ ಬಿಟ್ಟು ಹೋದರು. ಹೆಚ್ಚಿನವರು ಹೋಗಿ ಕೂತಿದ್ದು ಇಲಿನಾಯ್‌ನಲ್ಲಿ. ನಮಗೆ ಇದು ಹೊಸದೇನಲ್ಲ ಬಿಡಿ, ರೆಸಾರ್ಟ್ ರಾಜಕಾರಣ ನೋಡಿ ನೋಡಿ ಸಾಕಾಗಿರುವವರು ನಾವು. ಆದರೆ ಅವರು ಹೋಗಿದ್ದು ಸರ್ಕಾರ ಬೀಳಿಸುವುದಕ್ಕಲ್ಲ, ಉಳಿಸುವುದಕ್ಕೂ ಅಲ್ಲ. ಸದನದಲ್ಲಿ ಕೋರಂ ಇಲ್ಲದಂತೆ ಮಾಡಿ ಒಂದು ನಕ್ಷೆಯನ್ನು ತಡೆಯುವುದಕ್ಕೆ. ಲೋಕಸಭೆಯಂಥ ಅಲ್ಲಿನ ಹೌಸ್‌ಗೆ ಟೆಕ್ಸಸ್‌ನಿಂದ 38 ಜನ ಹೋಗುತ್ತಾರೆ. ಆ 38 ಕ್ಷೇತ್ರಗಳ ಗಡಿಯನ್ನು ಮತ್ತೆ ಬರೆದು ರಿಪಬ್ಲಿಕನ್ ಪಕ್ಷಕ್ಕೆ ಇನ್ನೂ 5 ಸೀಟು ಸಿಗುವ ಹಾಗೆ ಮಾಡಬೇಕು ಅಂತ ಅಧ್ಯಕ್ಷ ಟ್ರಂಪ್ ಬಹಿರಂಗವಾಗಿಯೇ ಹೇಳಿದ್ದರು. ಓಡಿಹೋದವರು ಎಷ್ಟು ದಿನ ಅಂತ ಹೊರಗಿರುತ್ತಾರೆ? ಎರಡು ವಾರ ಆದ ಮೇಲೆ ವಾಪಸ್ ಬಂದರು. ಆ ತಿಂಗಳು ಮುಗಿಯುವ ಮುಂಚೆ ಗವರ್ನರ್ ಗ್ರೆಗ್ ಅಬಾಟ್ ಸಹಿ ಹಾಕಿದ್ದೂ ಆಯಿತು.

ಈ ಆಟಕ್ಕೆ ಅಲ್ಲಿ ಒಂದು ಹೆಸರಿದೆ. ಜೆರಿಮ್ಯಾಂಡರಿಂಗ್. ಟಿವಿಯಲ್ಲಿ, ಪೇಪರಿನಲ್ಲಿ ದಿನಾ ಬರುವ ಪದ. ಅದು ಹುಟ್ಟಿದ್ದು 1812ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಚುನಾವಣೆಗೆ ಇನ್ನೂ ಹನ್ನೊಂದು ದಿನ ಇದ್ದಾಗ. ಪದದ ಕಥೆ ಬಹಳ ಜನರಿಗೆ ಗೊತ್ತು. ಹಲ್ಲಿಯಂಥ ಪ್ರಾಣಿ, ಕಾರ್ಟೂನು, ಗೆರಿ ಅನ್ನುವ ಗವರ್ನರ್. ಆ ಚುನಾವಣೆಯ ಫಲಿತಾಂಶ ಏನಾಯಿತು ಅಂತ ಕೇಳಿದರೆ ಮಾತ್ರ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ನನ್ನ ಪ್ರಕಾರ ನಿಜವಾದ ಸ್ವಾರಸ್ಯ ಇರುವುದೇ ಅಲ್ಲಿ. ನಕ್ಷೆಗೆ ಸಹಿ ಹಾಕಿದವರು ಸೋತರು, ನಕ್ಷೆ ಮಾತ್ರ ಗೆದ್ದಿತು. ಅದೂ ಒಂದೇ ದಿನ, ಒಂದೇ ಮತದಾರರ ಕೈಯಿಂದ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಗವರ್ನರ್ ಅಂದ ಕೂಡಲೇ ನಮಗೆ ರಾಜಭವನ ನೆನಪಾಗುತ್ತದೆ, ದೆಹಲಿಯಿಂದ ಬಂದ ರಾಜ್ಯಪಾಲರು ನೆನಪಾಗುತ್ತಾರೆ. ಅಮೆರಿಕದ ಗವರ್ನರ್ ಹಾಗಲ್ಲ. ಕೆಲಸದ ಮಟ್ಟಿಗೆ ಅವರು ನಮ್ಮ ಮುಖ್ಯಮಂತ್ರಿ. ಆದರೆ ಮುಖ್ಯಮಂತ್ರಿಯ ಹಾಗೆ ಶಾಸಕರ ಬೆಂಬಲದಿಂದ ಕುರ್ಚಿಗೆ ಬರುವವರಲ್ಲ. ಇಡೀ ರಾಜ್ಯದ ಮತದಾರರು ನೇರವಾಗಿ ಅವರಿಗೇ ಓಟು ಹಾಕುತ್ತಾರೆ. ಇಡೀ ರಾಜ್ಯವೇ ಒಂದು ಕ್ಷೇತ್ರ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಪೂರ್ತಿ ಲೇಖನ ಇದರ ಮೇಲೇ ನಿಂತಿದೆ.

ಎಲ್ಬ್ರಿಜ್ ಗೆರಿ ಮ್ಯಾಸಚೂಸೆಟ್ಸ್‌ನ ಮಾರ್ಬಲ್‌ಹೆಡ್ ಅನ್ನುವ ಕಡಲ ತೀರದ ಊರಿನವರು. ವ್ಯಾಪಾರಿ ಮನೆತನ, ಒಣಮೀನು ಸಾಗಿಸುವ ಕಸುಬು. ಅವರ ಹೆಸರಿನ ಮೊದಲ ಅಕ್ಷರ ಗಟ್ಟಿ 'ಗ'. ಗೆರಿ. ಅವರ ಹೆಸರಿನಿಂದ ಹುಟ್ಟಿದ ಪದವನ್ನು ಮಾತ್ರ ಇವತ್ತು ಎಲ್ಲರೂ 'ಜ' ಹಾಕಿ ಜೆರಿಮ್ಯಾಂಡರ್ ಅನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಅದೇ ಅಕ್ಷರ, ಹಾಗಾಗಿ ಕಣ್ಣಿಗೆ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಬರೆದ ಕೂಡಲೇ ವ್ಯತ್ಯಾಸ ಸಿಕ್ಕಿಬೀಳುತ್ತದೆ. ಪಾಪ, ಹೆಸರು ಕೆಡಿಸಿದ್ದೂ ಅಲ್ಲದೆ ಉಚ್ಚಾರಣೆಯನ್ನೂ ಕೆಡಿಸಿದ್ದಾರೆ.

ಸಣ್ಣ ಆಸಾಮಿಯೇನಲ್ಲ ಇವರು. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವ ಸಭೆಯಲ್ಲೂ ಇದ್ದರು. ಅಲ್ಲಿ ಕೊನೆಯ ದಿನದವರೆಗೂ ಕೂತು, ವಾದ ಮಾಡಿ, ಕಡೆಗೆ ಸಹಿ ಹಾಕಲ್ಲ ಅಂದ ಮೂರು ಜನರಲ್ಲಿ ಇವರೊಬ್ಬರು. ಜನರ ಹಕ್ಕುಗಳ ಪಟ್ಟಿ ಇದರಲ್ಲಿ ಇಲ್ಲ ಅನ್ನುವುದು ಅವರ ತಕರಾರುಗಳಲ್ಲಿ ಒಂದು. ದೇಶದ ಸಂವಿಧಾನಕ್ಕೇ ಸಹಿ ಹಾಕದೆ ಹಟ ಹಿಡಿದ ಮನುಷ್ಯ, 25 ವರ್ಷದ ನಂತರ ಒಂದು ಕ್ಷೇತ್ರ ನಕ್ಷೆಗೆ ಸಹಿ ಹಾಕಿ ಹೆಸರು ಕೆಡಿಸಿಕೊಂಡರು.

ಗವರ್ನರ್ ಆಗಬೇಕು ಅಂತ ಅವರು ಬಹಳ ಸಲ ನಿಂತಿದ್ದರು. 1800ರಿಂದ ಸಾಲಾಗಿ ನಾಲ್ಕು ವರ್ಷ ಸೋತರು, ಪ್ರತಿ ಸಲವೂ ಕೇಲೆಬ್ ಸ್ಟ್ರಾಂಗ್ ಅನ್ನುವ ಫೆಡರಲಿಸ್ಟ್ ಪಕ್ಷದವರ ಎದುರು. ವರ್ಷ ವರ್ಷ ಸೋತರು ಅಂದರೆ ಆಶ್ಚರ್ಯ ಬೇಡ. ಆಗ ಅಲ್ಲಿ ಗವರ್ನರ್ ಚುನಾವಣೆ ಪ್ರತಿ ವರ್ಷ ನಡೆಯುತ್ತಿತ್ತು, ಏಪ್ರಿಲ್ ತಿಂಗಳ ಮೊದಲ ಸೋಮವಾರ. ಯುಗಾದಿ ಬಂದ ಹಾಗೆ ಚುನಾವಣೆ ಬರುತ್ತಿತ್ತು. 1810ರಲ್ಲಿ ಕಡೆಗೂ ಗೆದ್ದರು. 1811ರಲ್ಲಿ ಮತ್ತೆ ಗೆದ್ದರು. ಎರಡೂ ಸಲ ಸೋತವರು ಕ್ರಿಸ್ಟೋಫರ್ ಗೋರ್.

ಅವರ ಪಕ್ಷದ ಹೆಸರು ಇವತ್ತಿನವರಿಗೆ ತಮಾಷೆಯಾಗಿ ಕಾಣುತ್ತದೆ. ಡೆಮಾಕ್ರಟಿಕ್-ರಿಪಬ್ಲಿಕನ್. ಈಗಿನ ಎರಡು ಬದ್ಧವೈರಿಗಳ ಹೆಸರೂ ಒಂದೇ ಬೋರ್ಡಿನ ಮೇಲೆ! ಗೊಂದಲ ಬೇಡ ಅಂತ ನಾನು ಇಲ್ಲಿ ಸುಮ್ನೆ ಜೆಫರ್ಸನ್ ಪಕ್ಷ ಅನ್ನುತ್ತೇನೆ, ಥಾಮಸ್ ಜೆಫರ್ಸನ್ ಕಟ್ಟಿದ ಪಕ್ಷ ಅದು.

1812ರ ಆರಂಭದಲ್ಲಿ ಊರೆಲ್ಲ ಯುದ್ಧದ ಮಾತು. ಬ್ರಿಟಿಷರು ಸಮುದ್ರದಲ್ಲಿ ಅಮೆರಿಕದ ಹಡಗು ನಿಲ್ಲಿಸಿ ನಾವಿಕರನ್ನು ಎಳೆದುಕೊಂಡು ಹೋಗುತ್ತಿದ್ದರು. ಅಧ್ಯಕ್ಷ ಮ್ಯಾಡಿಸನ್ ಜೆಫರ್ಸನ್ ಪಕ್ಷದವರು, ಯುದ್ಧದ ಕಡೆ ವಾಲಿದ್ದರು. ಮ್ಯಾಸಚೂಸೆಟ್ಸ್‌ನ ಬಂದರು ವ್ಯಾಪಾರಿಗಳಿಗೆ ಯುದ್ಧ ಅಂದರೆ ಮೈಯುರಿ. 1807ರಲ್ಲಿ ಜೆಫರ್ಸನ್ ವಿದೇಶಿ ವ್ಯಾಪಾರವನ್ನೇ ನಿಲ್ಲಿಸಿದ್ದರಿಂದ ಅವರ ಹಡಗುಗಳು ದಡದಲ್ಲೇ ಕೊಳೆತಿದ್ದವು, ಆ ಸಿಟ್ಟು ಇನ್ನೂ ಆರಿರಲಿಲ್ಲ. ಅವರೆಲ್ಲ ಫೆಡರಲಿಸ್ಟ್ ಪಕ್ಷದ ಕಡೆ. ಗೆರಿಗೆ ಈ ಫೆಡರಲಿಸ್ಟರು ಒಳಗೊಳಗೇ ಬ್ರಿಟನ್ ಜೊತೆ ಕೈ ಜೋಡಿಸಿದ್ದಾರೆ ಅನ್ನುವ ಅನುಮಾನ. ಮೊದಲ ವರ್ಷ ಮೆತ್ತಗಿದ್ದವರು ಎರಡನೇ ವರ್ಷ ಗಟ್ಟಿಯಾದರು. ಸರ್ಕಾರಿ ಹುದ್ದೆಯಲ್ಲಿದ್ದ ಫೆಡರಲಿಸ್ಟರನ್ನು ತೆಗೆದು ತಮ್ಮವರನ್ನು ಕೂರಿಸಿದರು. ಬಾಸ್ಟನ್ ಪತ್ರಿಕೆಗಳಲ್ಲಿ ಮಾನಹಾನಿಯ ಬರಹ ಎಷ್ಟಿದೆ ಅಂತ ಲೆಕ್ಕ ಹಾಕಿಸಿ ಶಾಸನಸಭೆಯ ಮುಂದೆ ಇಟ್ಟರು. ಪತ್ರಿಕೆಯವರು ಸುಮ್ಮನಿರುತ್ತಾರಾ?

ಇದರ ಮಧ್ಯೆ ಬಂತು ಸೆನೆಟ್ ಕ್ಷೇತ್ರಗಳ ಮಸೂದೆ. ರಾಜ್ಯದ ಸೆನೆಟ್‌ನಲ್ಲಿ, ಅಂದರೆ ಅಲ್ಲಿನ ಮೇಲ್ಮನೆಯಲ್ಲಿ, 40 ಸೀಟು. ಅದುವರೆಗೆ ಕೌಂಟಿಯ ಗಡಿಯೇ ಸೆನೆಟ್ ಕ್ಷೇತ್ರದ ಗಡಿ ಅನ್ನುವುದು ರೂಢಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಯಾವ ಕೌಂಟಿಗೆ ಎಷ್ಟು ಸೀಟು ಅನ್ನುವುದು ಜನಸಂಖ್ಯೆಯ ಮೇಲಲ್ಲ, ಆ ಕೌಂಟಿ ಕಟ್ಟುವ ತೆರಿಗೆಯ ಮೇಲೆ! ಓಟು ಹಾಕುವವರು ಗಂಡಸರು ಮಾತ್ರ, ಅದರಲ್ಲೂ ಇಷ್ಟು ಆಸ್ತಿ ಇರಲೇಬೇಕು ಅಂತ ಕಾನೂನು. ಹಾಗಾಗಿ 1812ಕ್ಕೆ ಮುಂಚೆ ಎಲ್ಲ ಸರಿಯಿತ್ತು, ಗೆರಿ ಬಂದು ಕೆಡಿಸಿದರು ಅನ್ನುವ ಹಾಗೇನೂ ಇಲ್ಲ. ಆದರೆ ಕೌಂಟಿಯ ಗಡಿ ಅನ್ನುವುದು ಹಳೇ ಬಾಂದುಕಲ್ಲಿನ ಹಾಗೆ. ಯಾರ ಅನುಕೂಲಕ್ಕೂ ನೆಟ್ಟಿದ್ದಲ್ಲ, ಯಾರೂ ಅಲ್ಲಾಡಿಸುವ ಹಾಗೂ ಇರಲಿಲ್ಲ. ಶಾಸನಸಭೆಯಲ್ಲಿ ಬಹುಮತ ಇದ್ದ ಜೆಫರ್ಸನ್ ಪಕ್ಷದವರು ಆ ಕಲ್ಲನ್ನು ಕಿತ್ತು, ತಮಗೆ ಬೇಕಾದ ಕಡೆ ಬದು ಹಾಕಿಕೊಂಡರು. ಫೆಬ್ರವರಿ 11ಕ್ಕೆ ಗೆರಿ ಸಹಿ ಹಾಕಿದರು. ಅವರಿಗೆ ಈ ಮಸೂದೆ ಒಂಚೂರೂ ಇಷ್ಟವಿರಲಿಲ್ಲ ಅಂತ ಅವರ ಅಳಿಯ ಮುಂದೆ ಬರೆದರು. ಅಳಿಯನ ಮಾತನ್ನು ಎಷ್ಟು ನಂಬಬೇಕೋ ಅಷ್ಟು ನಂಬೋಣ. ಇಷ್ಟ ಇಲ್ಲದಿದ್ದರೆ ವಾಪಸ್ ಕಳಿಸುವ ಅಧಿಕಾರ ಗವರ್ನರ್‌ಗೆ ಇತ್ತು, ಅವರು ಕಳಿಸಲಿಲ್ಲ.

ಎಸೆಕ್ಸ್ ಕೌಂಟಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಕಾರ್ಟೂನ್ ಹುಟ್ಟಿದ್ದು ಇಲ್ಲೇ. ಬಾಸ್ಟನ್‌ಗೆ ಉತ್ತರಕ್ಕಿರುವ ಕಡಲ ತೀರದ ಕೌಂಟಿ ಇದು, ಗೆರಿಯ ಸ್ವಂತ ಊರಿರುವುದೂ ಇದರಲ್ಲೇ. ಇದಕ್ಕೆ ಸಿಕ್ಕಿದ್ದು 5 ಸೆನೆಟ್ ಸೀಟು. ಅದನ್ನು ಎರಡು ಭಾಗ ಮಾಡಿದರು, ಒಂದಕ್ಕೆ 3, ಇನ್ನೊಂದಕ್ಕೆ 2. ನೆಟ್ಟಗೆ ಅಡ್ಡಗೆರೆ ಹೊಡೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಮಾಡಿದ್ದು ಬೇರೆ. ತೆಂಕಣ ತೀರದ ಸೇಲಂ, ಮಾರ್ಬಲ್‌ಹೆಡ್, ಲಿನ್ ಊರುಗಳಿಂದ ಹೊರಟು, ಡ್ಯಾನ್ವರ್ಸ್, ಮಿಡಲ್‌ಟನ್ ದಾಟಿ, ಪಡುವಣದಲ್ಲಿ ಆಂಡೋವರ್, ಮೆಥುಯೆನ್ ಹಿಡಿದು, ಮೆರಿಮ್ಯಾಕ್ ನದಿಯ ಉದ್ದಕ್ಕೂ ಹೇವರಿಲ್, ಏಮ್ಸ್‌ಬರಿ ಮುಖಾಂತರ ಮತ್ತೆ ಸಮುದ್ರದ ಪಕ್ಕದ ಸಾಲಿಸ್‌ಬರಿ ತನಕ ಒಂದು ಉದ್ದನೆಯ ಪಟ್ಟಿ. ಕೌಂಟಿಯ ಅಂಚನ್ನೇ ಸೀರೆಯ ಬಾರ್ಡರ್ ಕತ್ತರಿಸಿದ ಹಾಗೆ ಕತ್ತರಿಸಿ 3 ಸೀಟಿನ ಕ್ಷೇತ್ರ ಮಾಡಿದರು. ಮಧ್ಯದಲ್ಲಿ ಉಳಿದ ಒಡಲಿಗೆ 2 ಸೀಟು. ಮಾರ್ಬಲ್‌ಹೆಡ್‌ನಲ್ಲಿ ಗೆರಿಯ ಪಕ್ಷಕ್ಕೆ ರಾಶಿ ಓಟು ಬೀಳುತ್ತಿತ್ತು. ಆ ರಾಶಿಯನ್ನು ಪಟ್ಟಿಯ ಉದ್ದಕ್ಕೂ ಇದ್ದ ಊರುಗಳ ಜೊತೆ ಸೇರಿಸಿದರೆ ಮೂರೂ ಸೀಟು ತಮ್ಮವು. ಫೆಡರಲಿಸ್ಟರು ಒಳಗಿನ ಎರಡು ಸೀಟನ್ನು ಎಷ್ಟು ದೊಡ್ಡ ಅಂತರದಲ್ಲಿ ಬೇಕಾದರೂ ಗೆಲ್ಲಲಿ, ಎರಡಕ್ಕಿಂತ ಜಾಸ್ತಿ ಸಿಗುವುದಿಲ್ಲ.

ಈ ಲೆಕ್ಕ ಅರ್ಥವಾಗದಿದ್ದರೆ ಸಣ್ಣ ಉದಾಹರಣೆ. ಒಂದು ಊರಲ್ಲಿ 500 ಓಟು, 5 ವಾರ್ಡು, ವಾರ್ಡಿಗೆ 100. ಕೆಂಪು ಪಕ್ಷಕ್ಕೆ 300 ಜನ, ಹಳದಿ ಪಕ್ಷಕ್ಕೆ 200 ಜನ. ನ್ಯಾಯವಾಗಿ ಕೆಂಪಿನವರು 3, ಹಳದಿಯವರು 2 ಗೆಲ್ಲಬೇಕು. ಈಗ ಗಡಿ ಬರೆಯುವ ಪೆನ್ಸಿಲ್ ಹಳದಿಯವರ ಕೈಗೆ ಕೊಡಿ. ಅವರು ಮೂರು ವಾರ್ಡುಗಳಲ್ಲಿ ತಮ್ಮವರು 55, ಕೆಂಪಿನವರು 45 ಇರುವ ಹಾಗೆ ಗೆರೆ ಎಳೆಯುತ್ತಾರೆ. ಅಲ್ಲಿಗೆ ಅವರ 165 ಓಟು ಖರ್ಚಾಯಿತು. ಉಳಿದ 35 ಓಟನ್ನು ಉಳಿದ ಎರಡು ವಾರ್ಡಿಗೆ ಚೆಲ್ಲಿ ಕೈ ತೊಳೆದುಕೊಳ್ಳುತ್ತಾರೆ. ಆ ಎರಡು ವಾರ್ಡನ್ನು ಕೆಂಪಿನವರು ಭಾರೀ ಬಹುಮತದಿಂದ ಗೆಲ್ಲುತ್ತಾರೆ, ಪಟಾಕಿ ಹೊಡೆಯುತ್ತಾರೆ. ಆದರೆ ಊರಿನ ಪಂಚಾಯಿತಿ ಹಳದಿಯವರದ್ದು, 3ಕ್ಕೆ 2. ಎದುರಾಳಿಯ ಓಟನ್ನು ಕೆಲವು ಕಡೆ ತುರುಕುವುದು, ಉಳಿದ ಕಡೆ ಚೆದುರಿಸುವುದು. ಇಡೀ ವಿದ್ಯೆ ಇಷ್ಟೇ. 1812ರಲ್ಲಿ ಇದನ್ನು ಊರೂರಿನ ಹಳೇ ಮತ ಎಣಿಕೆ ನೋಡಿ ಕೈಯಲ್ಲಿ ಮಾಡುತ್ತಿದ್ದರು, ಈಗ ಕಂಪ್ಯೂಟರ್ ಬೀದಿ ಬೀದಿಯ ಲೆಕ್ಕ ಹಾಕಿ ಮಾಡಿಕೊಡುತ್ತದೆ.

ಮಾರ್ಚ್ 26ಕ್ಕೆ ಫೆಡರಲಿಸ್ಟರ ಪರವಾಗಿದ್ದ ಬಾಸ್ಟನ್ ಗೆಜೆಟ್ ಪತ್ರಿಕೆ ಎಸೆಕ್ಸ್‌ನ ಆ ಪಟ್ಟಿಗೆ ತಲೆ, ರೆಕ್ಕೆ, ಉಗುರು ಬರೆಸಿ ಅಚ್ಚು ಹಾಕಿತು. ಸಾಲಿಸ್‌ಬರಿಯ ಕಡೆ ತಲೆ, ಬಾಯಿ ತೆರೆದುಕೊಂಡಿದೆ. ಸೇಲಂ, ಮಾರ್ಬಲ್‌ಹೆಡ್ ಕಡೆ ಉಗುರು. ಇದು ಸಲಮ್ಯಾಂಡರ್ ಥರ ಇದೆಯಲ್ಲ ಅಂತ ಒಬ್ಬರು, ಸಲಮ್ಯಾಂಡರ್ ಅಲ್ಲ ಗೆರಿಮ್ಯಾಂಡರ್ ಅಂತ ಇನ್ನೊಬ್ಬರು, ಒಂದು ಊಟದ ಮನೆಯಲ್ಲಿ ತಮಾಷೆ ಮಾಡಿದರು ಅನ್ನುವುದು ಪ್ರಚಾರದಲ್ಲಿರುವ ಕಥೆ. ಯಾರು ಹೇಳಿದರು ಅನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಚಿತ್ರ ಬರೆದವರು ಎಲ್ಕಾನಾ ಟಿಸ್‌ಡೇಲ್ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಸಲಮ್ಯಾಂಡರ್ ನಮ್ಮ ಕಡೆ ಇಲ್ಲ, ಕಪ್ಪೆಯ ದಾಯಾದಿ, ನೋಡುವುದಕ್ಕೆ ಹಲ್ಲಿ. ಬೆಂಕಿಯಲ್ಲಿ ಬಿದ್ದರೂ ಸುಡದ ಪ್ರಾಣಿ ಅಂತ ಯುರೋಪಿನವರ ಹಳೇ ನಂಬಿಕೆ. ಇನ್ನೂರು ವರ್ಷ ಆದರೂ ಈ ಪದ ಸುಟ್ಟಿಲ್ಲ ನೋಡಿ. ಅಚ್ಚಿಗೆ ಬಳಸಿದ ಮರದ ಪಡಿಯಚ್ಚು ಇವತ್ತಿಗೂ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ.

ಈಗ ಏಪ್ರಿಲ್ 6, ಸೋಮವಾರ. ಗವರ್ನರ್‌ಗೂ ಸೆನೆಟ್‌ಗೂ ಅದೇ ದಿನ ಮತದಾನ. ಗೆರಿಯ ಎದುರು ನಿಂತವರು ಮತ್ತೆ ಅದೇ ಹಳೇ ಕೇಲೆಬ್ ಸ್ಟ್ರಾಂಗ್. ರಾಜಕೀಯ ಬಿಟ್ಟು ಮನೆಯಲ್ಲಿ ಕೂತಿದ್ದವರನ್ನು ಪಕ್ಷದವರು ಎಬ್ಬಿಸಿಕೊಂಡು ಬಂದಿದ್ದರು. ಲಕ್ಷಕ್ಕೂ ಹೆಚ್ಚು ಓಟು ಬಿದ್ದವು. ಸ್ಟ್ರಾಂಗ್ ಗೆದ್ದರು. ಅಂತರ ಸಾವಿರದ ಚಿಲ್ಲರೆ ಅಷ್ಟೇ.

ಸೆನೆಟ್ ಎಣಿಕೆ ನೋಡಿ. ಫೆಡರಲಿಸ್ಟರಿಗೆ ರಾಜ್ಯದಾದ್ಯಂತ ಸೇರಿ 51,766 ಓಟು. ಜೆಫರ್ಸನ್ ಪಕ್ಷಕ್ಕೆ 50,164. ಇಲ್ಲೂ ಫೆಡರಲಿಸ್ಟರೇ ಮುಂದೆ, ಇಲ್ಲೂ ಅಂತರ ಸಾವಿರದ ಚಿಲ್ಲರೆ. ಸೀಟು ಮಾತ್ರ ಫೆಡರಲಿಸ್ಟರಿಗೆ 11, ಜೆಫರ್ಸನ್ ಪಕ್ಷಕ್ಕೆ 29.

ಈ ಎರಡು ಫಲಿತಾಂಶವನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಅದೇ ಜನ, ಅದೇ ದಿನ, ಅದೇ ಮನಸ್ಸು. ಒಂದು ಪೆಟ್ಟಿಗೆಯಲ್ಲಿ ಸಾವಿರದ ಚಿಲ್ಲರೆ ಓಟು ಗವರ್ನರ್ ಕುರ್ಚಿಯನ್ನೇ ಕಿತ್ತುಕೊಂಡಿತು, ಇನ್ನೊಂದು ಪೆಟ್ಟಿಗೆಯಲ್ಲಿ ಅಷ್ಟೇ ಓಟು ಹಿಂದೆ ಬಿದ್ದ ಪಕ್ಷ ಮುಕ್ಕಾಲು ಪಾಲು ಸೀಟು ಹೊತ್ತುಕೊಂಡು ಹೋಯಿತು. ವ್ಯತ್ಯಾಸ ಎಲ್ಲಿದೆ? ಗವರ್ನರ್ ಚುನಾವಣೆಗೆ ಒಳಗಡೆ ಗೆರೆ ಇಲ್ಲ. ರಾಜ್ಯದ ಗಡಿಯೇ ಅದರ ಗಡಿ. ಅದನ್ನು ಎಳೆದಾಡುವುದಕ್ಕೆ ಯಾರಿಗೂ ಆಗುವುದಿಲ್ಲ. ತಮ್ಮ ಪಕ್ಷದವರಿಗೆಲ್ಲ ಕೋಟೆ ಕಟ್ಟಿಕೊಟ್ಟ ಗೆರಿಯವರು ತಾವು ಮಾತ್ರ ಬಯಲಲ್ಲಿ ನಿಂತಿದ್ದರು. ಇದನ್ನು ಗೆರಿಯ ಸೋಲಿಗೆ ನಕ್ಷೆಯೊಂದೇ ಕಾರಣ ಅಂತ ಓದಬೇಡಿ. ಯುದ್ಧದ ಭಯ, ಪತ್ರಿಕೆಗಳ ಮೇಲಿನ ಕೇಸು, ಹುದ್ದೆಯಿಂದ ಕಿತ್ತುಹಾಕಿದ್ದು, ಎಲ್ಲ ಸೇರಿತ್ತು. ನಾನು ಹೇಳುತ್ತಿರುವುದು ಬೇರೆ. ಗವರ್ನರ್ ಚುನಾವಣೆ ನಕ್ಷೆಯ ಪಕ್ಕದಲ್ಲಿ ಒಂದು ಅಳತೆಗೋಲು ಇಟ್ಟಂತೆ. ಅದು ಇಲ್ಲದಿದ್ದರೆ 29-11 ಅನ್ನುವುದು ಭಾರೀ ಜನಾದೇಶ ಅಂತ ಪುಸ್ತಕದಲ್ಲಿ ಸೇರಿಬಿಡುತ್ತಿತ್ತು.

ಆಮೇಲೆ ಏನಾಯಿತು? ಜೂನ್ 18ಕ್ಕೆ ಬ್ರಿಟನ್ ಮೇಲೆ ಯುದ್ಧ ಘೋಷಣೆ ಆಯಿತು. ಮ್ಯಾಡಿಸನ್ ರಾಜ್ಯದ ಸೈನ್ಯ ಕಳಿಸಿ ಅಂದರೆ ಹೊಸ ಗವರ್ನರ್ ಸ್ಟ್ರಾಂಗ್ ಕಳಿಸಲ್ಲ ಅಂದರು. ಇದರ ಮುಂದೆ ಸಾವಿರದ ಚಿಲ್ಲರೆ ಓಟು ಸಣ್ಣದು ಅನ್ನಿಸುವುದಿಲ್ಲ. ರಾಜ್ಯದ ಸೆನೆಟ್ ಒಬ್ಬರ ಕೈಯಲ್ಲಿ, ಕೆಳಮನೆ ಇನ್ನೊಬ್ಬರ ಕೈಯಲ್ಲಿ. ಆ ವರ್ಷದ ಅಧ್ಯಕ್ಷ ಚುನಾವಣೆಗೆ ಪ್ರತಿನಿಧಿಗಳನ್ನು ಹೇಗೆ ಆರಿಸಬೇಕು ಅನ್ನುವುದಕ್ಕೂ ಎರಡೂ ಮನೆ ಜಗಳ ಆಡಿದವು. ಎಸೆಕ್ಸ್‌ನ ಹಲ್ಲಿ ಹೆಚ್ಚು ಕಾಲ ಬದುಕಲಿಲ್ಲ, 1813ರಲ್ಲಿ ಫೆಡರಲಿಸ್ಟರ ಕೈ ಮೇಲಾದಾಗ ಆ ಕಾನೂನು ಹೋಯಿತು. ಗೆರಿಗೆ ಮಾತ್ರ ಸೋಲೇ ಬಡ್ತಿಯಾಯಿತು. ಉಪಾಧ್ಯಕ್ಷರಾಗಿದ್ದ ಜಾರ್ಜ್ ಕ್ಲಿಂಟನ್ ಅದೇ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಮ್ಯಾಡಿಸನ್ ಜೊತೆ ನಿಂತು ಗೆದ್ದು ಗೆರಿ 1813ರಲ್ಲಿ ಉಪಾಧ್ಯಕ್ಷರಾದರು. 1814ರ ನವೆಂಬರ್ 23ರಂದು, ದೇಶದ ಸೆನೆಟ್‌ಗೆ ಹೊರಟ ಕುದುರೆಗಾಡಿಯಲ್ಲೇ ಜೀವ ಹೋಯಿತು. ಇದರಲ್ಲಿ ಇನ್ನೊಂದು ತಮಾಷೆ ಇದೆ. ಇದೇ ಮ್ಯಾಡಿಸನ್‌ರನ್ನು ಮೊದಲ ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಆರಿಸಿ ಬರದಂತೆ ಮಾಡಲು ವರ್ಜೀನಿಯಾದಲ್ಲಿ ಅಲ್ಲಿನ ಪ್ರಭಾವಿ ನಾಯಕ ಪ್ಯಾಟ್ರಿಕ್ ಹೆನ್ರಿ ಬೇಕಂತಲೇ ಕ್ಷೇತ್ರ ಬರೆಸಿದರು ಅನ್ನುವ ಆರೋಪ ಆಗಲೇ ಇತ್ತು. 1789ರಲ್ಲಿ ಮ್ಯಾಡಿಸನ್ ಆ ಕ್ಷೇತ್ರದಲ್ಲೇ ಗೆದ್ದರು. ಅಂದರೆ ಕೆಲಸ ಹಳೆಯದು. ಹೆಸರು ಬಿದ್ದಿದ್ದು ಗೆರಿಯ ತಲೆಗೆ.

ಈಗಿನ ಕಾಲಕ್ಕೆ ಬರೋಣ. 1812ರ ಮ್ಯಾಸಚೂಸೆಟ್ಸ್ ಅಚ್ಚು ಹೊಡೆದ ಹಾಗೆ ಮತ್ತೆ ಕಂಡಿದ್ದು 2018ರ ವಿಸ್ಕಾನ್ಸಿನ್‌ನಲ್ಲಿ. ಅಲ್ಲಿ ರಿಪಬ್ಲಿಕನ್ ಗವರ್ನರ್ ಸ್ಕಾಟ್ ವಾಕರ್. 2011ರಲ್ಲಿ ಅವರ ಪಕ್ಷ ಬರೆದ ನಕ್ಷೆಗೆ ಸಹಿ ಹಾಕಿದವರೂ ಅವರೇ. 2018ರ ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಟೋನಿ ಎವರ್ಸ್ ಎದುರು ಒಂದು ಪರ್ಸೆಂಟ್ ಅಂತರದಲ್ಲಿ ಸೋತರು. ಅದೇ ದಿನ ವಿಧಾನಸಭೆಯ 99 ಸೀಟಿಗೂ ಮತದಾನ. ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ಒಟ್ಟು 53% ಓಟು ಬಿತ್ತು, ಸಿಕ್ಕಿದ್ದು 36 ಸೀಟು. ಇಲ್ಲಿ ಒಂದು ತಕರಾರು ತೆಗೆಯಬಹುದು, ತೆಗೆದರೆ ಅದು ಸರಿಯೂ ಹೌದು. ಎಷ್ಟೋ ಕ್ಷೇತ್ರಗಳಲ್ಲಿ ರಿಪಬ್ಲಿಕನ್ ಅಭ್ಯರ್ಥಿಯೇ ಇರಲಿಲ್ಲ, ಹಾಗಾಗಿ ಆ 53% ಸ್ವಲ್ಪ ಉಬ್ಬಿದ ಸಂಖ್ಯೆ. ಸರಿ, ಹಾಗಾದರೆ ಗವರ್ನರ್ ಓಟನ್ನೇ ತೆಗೆದುಕೊಂಡು ಕ್ಷೇತ್ರವಾರು ಹಂಚಿ ನೋಡಿ. ರಾಜ್ಯದಲ್ಲಿ ಸೋತ ವಾಕರ್ 99ರಲ್ಲಿ 63 ಕ್ಷೇತ್ರಗಳಲ್ಲಿ ಮುಂದಿದ್ದರು! ಅಳತೆಗೋಲು ಅಂದಿದ್ದು ಇದಕ್ಕೇ.

ಡಿಸೆಂಬರ್‌ನಲ್ಲಿ, ಎವರ್ಸ್ ಇನ್ನೂ ಕುರ್ಚಿಯಲ್ಲಿ ಕೂರುವ ಮುಂಚೆ, ಅದೇ ಶಾಸನಸಭೆ ವಿಶೇಷ ಅಧಿವೇಶನ ಕರೆದು ಹೊಸ ಗವರ್ನರ್‌ನ ಕೆಲವು ಅಧಿಕಾರಗಳನ್ನೇ ಕತ್ತರಿಸಿತು. ಸೋತ ವಾಕರ್ ಅದಕ್ಕೂ ಸಹಿ ಹಾಕಿ ಮನೆಗೆ ಹೋದರು. ಅಂದರೆ ಗೆರೆಯಿಲ್ಲದ ಚುನಾವಣೆ ಗೆದ್ದರೂ ಗೆರೆ ಎಳೆದವರು ಬಂದು ಆ ಗೆಲುವಿನ ಕಾಲು ಮುರಿಯಬಹುದು. ಆ ನಕ್ಷೆಗಳ ಆಟ ಮುಗಿದಿದ್ದು 2023ರ ಡಿಸೆಂಬರ್‌ನಲ್ಲಿ, ಅವುಗಳ ಅಚ್ಚಿನಲ್ಲೇ 2022ರಲ್ಲಿ ಬಂದ ನಕ್ಷೆಗಳನ್ನು ರಾಜ್ಯದ ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ. 2024ರಲ್ಲಿ ಹೊಸ ನಕ್ಷೆಯ ಮೇಲೆ ಚುನಾವಣೆ ನಡೆದು ರಿಪಬ್ಲಿಕನ್ನರಿಗೆ 54, ಡೆಮಾಕ್ರಟರಿಗೆ 45 ಬಂತು. ಗಮನಿಸಿ, ಆಗಲೂ ರಿಪಬ್ಲಿಕನ್ನರೇ ಗೆದ್ದರು. ಆ ವರ್ಷ ಟ್ರಂಪ್ ಆ ರಾಜ್ಯವನ್ನು ಕೂದಲೆಳೆಯ ಅಂತರದಲ್ಲಿ ಗೆದ್ದಿದ್ದರು, ಹಾಗಾಗಿ 54-45 ಅನ್ನುವುದು ನಂಬುವ ಹಾಗಿದೆ.

ರಾಜ್ಯದ ಕೋರ್ಟ್ ಅಂದೆ. ಅಮೆರಿಕದ ಸುಪ್ರೀಂ ಕೋರ್ಟ್ ಏನು ಮಾಡುತ್ತಿತ್ತು? 1962 ಮತ್ತು 1964ರ ತೀರ್ಪುಗಳಲ್ಲಿ ಅದು ಒಂದು ಒಳ್ಳೆ ಕೆಲಸ ಮಾಡಿತು, ಕ್ಷೇತ್ರಗಳ ಜನಸಂಖ್ಯೆ ಹೆಚ್ಚುಕಡಿಮೆ ಸಮ ಇರಲೇಬೇಕು ಅಂದಿತು. ಅದಕ್ಕೆ ಮುಂಚೆ ಟೆನೆಸಿಯಂಥ ರಾಜ್ಯ 1901ರಿಂದ ನಕ್ಷೆಯನ್ನೇ ಮುಟ್ಟಿರಲಿಲ್ಲ. ಆದರೆ ಒಂದು ಪಕ್ಷದ ಲಾಭಕ್ಕೆ ಗೆರೆ ಎಳೆದರೆ? 2019ರಲ್ಲಿ 5-4ರ ಬಹುಮತದಿಂದ, ಅದು ರಾಜಕೀಯ ಪ್ರಶ್ನೆ, ಫೆಡರಲ್ ಕೋರ್ಟುಗಳು, ಅಂದರೆ ಕೇಂದ್ರದ ಕೋರ್ಟುಗಳು, ಅದರಲ್ಲಿ ತಲೆ ಹಾಕುವ ಹಾಗಿಲ್ಲ ಅಂದುಬಿಟ್ಟಿತು. ನ್ಯಾಯಮೂರ್ತಿಗಳು ಇಂಥ ನಕ್ಷೆ ಸರಿ ಅಂತ ಹೇಳಲಿಲ್ಲ. ಕೆಟ್ಟದ್ದೇ, ಆದರೆ ನಮ್ಮ ಹತ್ತಿರ ತರಬೇಡಿ ಅಂದರು. 2025ರ ನಾಟಕ ಇದರ ಮೊಮ್ಮಗ.

ಆ 2019ರ ಕೇಸಿನಲ್ಲಿ ಇದ್ದ ಒಂದು ರಾಜ್ಯ ನಾರ್ತ್ ಕೆರೊಲಿನಾ. ಅಲ್ಲಿ ಕ್ಯಾರಿ ಅನ್ನುವ ಊರಲ್ಲಿ ನಮ್ಮ ಸೋದರಮಾವನ ಮಗ ಇದ್ದಾನೆ. ಆ ಕಡೆ ಸಾಫ್ಟ್‌ವೇರ್ ಕೆಲಸಕ್ಕೆ ಹೋದ ಕನ್ನಡದವರು ಬಹಳ. "ನಾನು ಮನೆ ಬದಲಾಯಿಸಿಲ್ಲ ಕಣೋ, ನಮ್ಮ ಮನೆ ಕ್ಷೇತ್ರ ಬದಲಾಯಿಸುತ್ತಾ ಇದೆ" ಅಂತ ನಗುತ್ತಾನೆ. ಅವನ ರಾಜ್ಯದ ಲೆಕ್ಕ ಹೀಗಿದೆ. 2022ರಲ್ಲಿ ಕೋರ್ಟ್ ಮೇಲ್ವಿಚಾರಣೆಯ ನಕ್ಷೆಯಲ್ಲಿ ಕಾಂಗ್ರೆಸ್ ಸೀಟು 7-7. 2023ರಲ್ಲಿ ಶಾಸನಸಭೆ ಮತ್ತೆ ಬರೆಯಿತು. 2024ರಲ್ಲಿ ರಿಪಬ್ಲಿಕನ್ನರಿಗೆ 10, ಡೆಮಾಕ್ರಟರಿಗೆ 4. ಅದೇ ದಿನ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಜಾಶ್ ಸ್ಟೈನ್ ಸುಮಾರು 15 ಪರ್ಸೆಂಟ್ ಅಂತರದಲ್ಲಿ ಗೆದ್ದರು. ಹಾಗಂತ ಇಲ್ಲಿ ಅಳತೆಗೋಲನ್ನು ಕಣ್ಣು ಮುಚ್ಚಿ ನಂಬಬೇಡಿ. ಸ್ಟೈನ್ ಎದುರಿಗಿದ್ದ ರಿಪಬ್ಲಿಕನ್ ಅಭ್ಯರ್ಥಿ ವಿವಾದದಲ್ಲಿ ಮುಳುಗಿದ್ದರು. ಅದೇ ರಾಜ್ಯದಲ್ಲಿ ಅದೇ ದಿನ ಟ್ರಂಪ್ ಸುಮಾರು 3 ಪರ್ಸೆಂಟ್ ಅಂತರದಲ್ಲಿ ಗೆದ್ದಿದ್ದಾರೆ. ಎರಡನ್ನೂ ಸೇರಿಸಿ ನೋಡಿದರೂ 14ರಲ್ಲಿ 10 ಅನ್ನುವುದು ಎಲ್ಲಿಂದ ಬಂತು ಅಂತ ಹೇಳುವುದು ಕಷ್ಟವಲ್ಲ. ಇನ್ನೂ ವಿಚಿತ್ರ ಏನೆಂದರೆ, ಆ ರಾಜ್ಯದಲ್ಲಿ ಗವರ್ನರ್‌ಗೆ ಬೇರೆ ಹೆಚ್ಚಿನ ಮಸೂದೆಗಳನ್ನು ತಡೆಯುವ ಅಧಿಕಾರ ಇದೆ, ಕ್ಷೇತ್ರ ನಕ್ಷೆಯನ್ನು ತಡೆಯುವ ಅಧಿಕಾರ ಇಲ್ಲ. ಇಡೀ ರಾಜ್ಯ ಆರಿಸಿದ ಮನುಷ್ಯನನ್ನೇ ಈ ವಿಷಯದಲ್ಲಿ ಬಾಗಿಲಾಚೆ ನಿಲ್ಲಿಸಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಸೀಟು ಕಬಳಿಸಲು ನಕ್ಷೆ ಮತ್ತೆ ಬದಲಾಯಿತು, ಸ್ಟೈನ್ ನೋಡುತ್ತಾ ಕೂತರು.

ಟೆಕ್ಸಸ್‌ಗೆ ಉತ್ತರ ಕೊಟ್ಟಿದ್ದು ಕ್ಯಾಲಿಫೋರ್ನಿಯಾ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂತಾರಲ್ಲ, ಹಾಗೆ. ಅಲ್ಲಿ ಪಕ್ಷಗಳಿಂದ ಪೆನ್ಸಿಲ್ ಕಿತ್ತುಕೊಂಡು ಜನಸಾಮಾನ್ಯರ ಒಂದು ಆಯೋಗಕ್ಕೆ ಕೊಟ್ಟಿದ್ದರು. ಗವರ್ನರ್ ಗ್ಯಾವಿನ್ ನ್ಯೂಸಮ್ ಆ ಆಯೋಗದ ನಕ್ಷೆಯನ್ನು ಪಕ್ಕಕ್ಕಿಟ್ಟು, ಡೆಮಾಕ್ರಟರಿಗೆ 5 ಸೀಟು ಜಾಸ್ತಿ ಸಿಗುವಂಥ ನಕ್ಷೆ ಬರೆಸಿ, 2025ರ ನವೆಂಬರ್ 4ರಂದು ಜನರ ಮುಂದಿಟ್ಟರು. ಜನ ದೊಡ್ಡ ಅಂತರದಲ್ಲಿ ಹೌದು ಅಂದರು. ಇಡೀ ರಾಜ್ಯದ ಓಟು, ಗೆರೆ ಇಲ್ಲದ ಓಟು. ನನ್ನ ವಾದಕ್ಕೆ ಇದು ಸ್ವಲ್ಪ ಇರುಸುಮುರುಸು ಅಂತ ಒಪ್ಪಿಕೊಳ್ಳುತ್ತೇನೆ. ಗೆರೆಯಿಲ್ಲದ ಚುನಾವಣೆಯಲ್ಲೇ ಜನ ಸೊಟ್ಟ ಗೆರೆಗೆ ಓಟು ಹಾಕಿದರು. ಟೆಕ್ಸಸ್ ಹಾಗೆ ಮಾಡಿದ್ದಕ್ಕೆ ನಾವು ಹೀಗೆ ಅನ್ನುವುದು ಸಮರ್ಥನೆ. ಟೆಕ್ಸಸ್‌ನಲ್ಲಿ ಜನರನ್ನು ಕೇಳಲಿಲ್ಲ, ಇಲ್ಲಿ ಕೇಳಿದರು, ಅದು ದೊಡ್ಡ ವ್ಯತ್ಯಾಸವೇ. ಆದರೂ ಆ 5 ಕ್ಷೇತ್ರಗಳ ರಿಪಬ್ಲಿಕನ್ ಮತದಾರನಿಗೆ ಇದರಿಂದ ಏನು ಸಮಾಧಾನ ಹೇಳಿ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಓಟಿಗೂ ಸೀಟಿಗೂ ತಾಳೆಯಾಗದ ಕಡೆಯೆಲ್ಲ ಮೋಸ ಇದೆ ಅಂದುಕೊಳ್ಳಬೇಡಿ. ನಮ್ಮದೇ 2018ರ ವಿಧಾನಸಭೆ ಚುನಾವಣೆ ನೋಡಿ. ಕಾಂಗ್ರೆಸ್‌ಗೆ 38% ಓಟು, 80 ಸೀಟು. ಬಿಜೆಪಿಗೆ 36%, 104 ಸೀಟು. ಯಾರೂ ಹಲ್ಲಿ ಬರೆದಿರಲಿಲ್ಲ. ಕಾಂಗ್ರೆಸ್ ಓಟು ರಾಜ್ಯದ ಉದ್ದಗಲ ಹರಡಿಕೊಂಡಿತ್ತು, ಮೂರನೇ ಪಕ್ಷವಾದ ಜೆಡಿಎಸ್ ಹಳೇ ಮೈಸೂರಿನಲ್ಲಿ ಗಟ್ಟಿಯಾಗಿತ್ತು, ಅಷ್ಟೇ. ಗೆರಿಯ ಮ್ಯಾಸಚೂಸೆಟ್ಸ್‌ನಲ್ಲೇ ಇವತ್ತು ಅಮೆರಿಕದ ಹೌಸ್‌ಗೆ ಹೋಗುವ 9 ಸೀಟೂ ಡೆಮಾಕ್ರಟರವು. 2024ರಲ್ಲಿ ಅಲ್ಲಿ ಟ್ರಂಪ್‌ಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಓಟು ಬಿದ್ದಿದೆ. ನೋಡಿದ ಕೂಡಲೇ ಗೆರಿಯ ಊರಲ್ಲವೇ ಅನ್ನಿಸುತ್ತದೆ. ಆದರೆ ಅಲ್ಲಿ ರಿಪಬ್ಲಿಕನ್ನರು ಎಲ್ಲ ಊರಲ್ಲೂ ಅಷ್ಟಷ್ಟೇ ಇದ್ದಾರೆ, ಒಂದು ಕಡೆ ಗುಂಪಾಗಿಲ್ಲ. ಅನ್ನದಲ್ಲಿ ಉಪ್ಪು ಬೆರೆತ ಹಾಗೆ. ಅವರಿಗೆ ಒಂದು ಸೀಟು ಗೆಲ್ಲಿಸಿಕೊಡಬೇಕು ಅಂದರೆ ಅದಕ್ಕೇ ಹಲ್ಲಿ ಬರೆಯಬೇಕಾಗುತ್ತದೆ.

ನಮ್ಮಲ್ಲೂ ಈಗ ಕ್ಷೇತ್ರ ಮರುವಿಂಗಡಣೆಯ ಮಾತು ಬಿಸಿಯಾಗಿದೆ, ಅದನ್ನು ಜೆರಿಮ್ಯಾಂಡರಿಂಗ್ ಅಂತ ಕರೆಯುವವರೂ ಇದ್ದಾರೆ. ಎರಡೂ ಬೇರೆ. ನಮ್ಮ ಜಗಳ ಇರುವುದು ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನುವುದರ ಮೇಲೆ, ಕರ್ನಾಟಕದ 28 ಏನಾಗುತ್ತದೆ ಅನ್ನುವುದರ ಮೇಲೆ. ರಾಜ್ಯದೊಳಗೆ ಗೆರೆ ಎಳೆಯುವ ಕೆಲಸವನ್ನು ನಮ್ಮಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿಯ ಆಯೋಗ ಮಾಡುತ್ತದೆ, ಕಳೆದ ಸಲ ಕುಲದೀಪ್ ಸಿಂಗ್ ಆಯೋಗ ಮಾಡಿತು. 2008ರ ಮೇ ತಿಂಗಳಲ್ಲಿ ಆ ಹೊಸ ಗಡಿಗಳ ಮೇಲೆ ಮೊದಲು ಚುನಾವಣೆ ನಡೆಸಿದ ರಾಜ್ಯ ನಮ್ಮದೇ. ಶಾಸಕರ ಕೈಗೇ ಪೆನ್ಸಿಲ್ ಕೊಡುವ ಅಮೆರಿಕದ ಪದ್ಧತಿ ನಮ್ಮಲ್ಲಿಲ್ಲ. ಆದರೆ ಅವರಿಗಿರುವ ಅಳತೆಗೋಲೂ ನಮ್ಮಲ್ಲಿಲ್ಲ, ಯಾಕೆಂದರೆ ಇಡೀ ರಾಜ್ಯ ನೇರವಾಗಿ ಆರಿಸುವ ಒಂದು ಹುದ್ದೆಯೂ ನಮ್ಮಲ್ಲಿಲ್ಲ.

2026ರ ನವೆಂಬರ್ 3ಕ್ಕೆ ಅಮೆರಿಕದ 36 ರಾಜ್ಯಗಳಲ್ಲಿ ಗವರ್ನರ್ ಚುನಾವಣೆ. ಟೆಕ್ಸಸ್, ಕ್ಯಾಲಿಫೋರ್ನಿಯಾ ಎರಡೂ ಆ ಪಟ್ಟಿಯಲ್ಲಿವೆ. ಟೆಕ್ಸಸ್‌ನ ಹೊಸ ನಕ್ಷೆಯನ್ನು ಕೆಳಗಿನ ಕೋರ್ಟ್ ತಡೆದಿತ್ತು, 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆರವು ಮಾಡಿತು. ನಕ್ಷೆಗೆ ಸಹಿ ಹಾಕಿದ ಅಬಾಟ್ ಅವರೇ ಮತ್ತೆ ಗವರ್ನರ್ ಸ್ಥಾನಕ್ಕೆ ನಿಂತಿದ್ದಾರೆ. ಮತಪತ್ರದಲ್ಲಿ ಅವರ ಹೆಸರಿರುವ ಸಾಲಿಗೆ ಗೆರೆಯಿಲ್ಲ, ಹೌಸ್ ಅಭ್ಯರ್ಥಿಯ ಸಾಲಿಗೆ ಇದೆ.